‘ಮರ ಉಳಿಸಿದ’ ಲೇಔಟ್ ನೋಡಿ ಬಂದೆ: ಸೈಟ್ ಹಿಡಿಯುವ ಮೊದಲು ಮರದ ಬುಡ ನೋಡಿ

ಶಿವಮೊಗ್ಗದ ಸುತ್ತ ಈಗ ಸೈಟ್ ಮಾರುವವರೆಲ್ಲ ಮರ ಮಾರುತ್ತಿದ್ದಾರೆ. ಹಿಂದೆ ಬ್ರೋಷರ್‌ನಲ್ಲಿ ರಸ್ತೆ ಅಗಲ, ಚರಂಡಿ, ನೀರು, ಬಸ್ ಸ್ಟಾಪ್ ಎಷ್ಟು ದೂರ ಅಂತ ಇದ್ದರೆ ಸಾಕಿತ್ತು. 2023ರ ಫೆಬ್ರುವರಿಯಲ್ಲಿ ಸೋಗಾನೆ ಏರ್‌ಪೋರ್ಟ್ ಉದ್ಘಾಟನೆಯಾದ ಮೇಲೆ ಬೆಂಗಳೂರಿನವರೂ ವೀಕೆಂಡಿಗೆ ಬಂದು ಸೈಟ್ ನೋಡಿ ಹೋಗುತ್ತಾರೆ. ಅವರಿಗೆ ಮಲೆನಾಡು ಬೇಕು, ಮಲೆನಾಡು ಅಂದರೆ ನೆರಳು ಬೇಕು, ಹಾಗಾಗಿ ಬ್ರೋಷರ್ ತುಂಬ ಹಸಿರು. ತೀರ್ಥಹಳ್ಳಿ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ಅಂಥದೊಂದು ಲೇಔಟ್ ಬಗ್ಗೆ ಈ ರಿವ್ಯೂ. ಹೆಸರು ಹಾಕುತ್ತಿಲ್ಲ. ಅವರೊಬ್ಬರದೇ ತಪ್ಪು ಅನ್ನುವ ಹಾಗಿಲ್ಲ, ಇಲ್ಲಿ ಕಂಡದ್ದೇ ಬೇರೆ ಕಡೆಯೂ ಕಾಣಬಹುದು.

ಒಳ್ಳೆಯದನ್ನ ಬೇಗ ಹೇಳಿ ಮುಗಿಸುತ್ತೇನೆ. ರಸ್ತೆ ಗಟ್ಟಿ ಇದೆ, ಡಾಂಬರು ಕೈಯಲ್ಲಿ ಕಿತ್ತು ಬರುವಂಥದ್ದಲ್ಲ. ಚರಂಡಿಗೆ ಸ್ಲ್ಯಾಬ್ ಹಾಕಿದ್ದಾರೆ. ಮೆಸ್ಕಾಂ ಕರೆಂಟ್ ಕಂಬ ನಿಂತಿವೆ, ಲೈನೂ ಎಳೆದಿದೆ. ತೋರಿಸಲು ಬಂದ ಹುಡುಗ ಸಭ್ಯ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳುತ್ತಾನೆ, ಈ ವ್ಯಾಪಾರದಲ್ಲಿ ಅದೇ ಅಪರೂಪ. ಸೈಟಿನ ಕಲ್ಲು ಸರಿಯಾಗಿ ನೆಟ್ಟಿದ್ದಾರೆ, ಅಳತೆ ನಕ್ಷೆಗೆ ಕೂಡುತ್ತದೆ. ಬರೀ ಇಷ್ಟಕ್ಕೆ ಮಾರ್ಕ್ ಕೊಡುವುದಾದರೆ ಸುಮ್ನೆ ಒಳ್ಳೆಯ ಮಾರ್ಕ್ ಕೊಟ್ಟು ಮನೆಗೆ ಹೋಗಬಹುದು. ಆದರೆ ಪಕ್ಕದ ಲೇಔಟಿಗಿಂತ ಚದರಡಿಗೆ ಜಾಸ್ತಿ ರೇಟ್ ಕೇಳುತ್ತಿರುವುದು ರಸ್ತೆಗಲ್ಲ, ಮರಕ್ಕೆ. ಮರ ಇರುವ ಸೈಟಿಗೆ ಕಾರ್ನರ್ ಸೈಟ್ ಥರ ಮೇಲೆ ಇಷ್ಟು ಅಂತ ಬೇರೆ ಲೆಕ್ಕವೂ ಇದೆ. ಹಾಗಿದ್ದರೆ ಮರವನ್ನೇ ನೋಡಬೇಕು ಅಲ್ವಾ.

ಗೇಟಿನಲ್ಲಿ ದೊಡ್ಡ ಬೋರ್ಡು. ಜಾಗದಲ್ಲಿ ಮೊದಲೇ ಇದ್ದ ಮರಗಳಲ್ಲಿ ಇಷ್ಟು ಉಳಿಸಿದ್ದೇವೆ ಅಂತ ಮೂರಂಕಿಯ ಒಂದು ಸಂಖ್ಯೆ. ಹೆಚ್ಚುಕಮ್ಮಿ ಪ್ರತಿ ಮರಕ್ಕೂ ತಗಡಿನ ನಂಬರ್ ಪ್ಲೇಟ್ ಹೊಡೆದಿದ್ದಾರೆ. ಮೊಳೆಯಿಂದ ಹೊಡೆದಿದ್ದಾರೆ ಅನ್ನುವುದು ಬೇರೆ ಮಾತು. ನಂಬರ್ ನೋಡುತ್ತಾ ಬೇಲಿಗುಂಟ ಒಂದು ಸುತ್ತು ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಸಿಲ್ವರ್ ಓಕ್. ಹಿಂದಿನವರು ಕಾಳುಮೆಣಸು ಹಬ್ಬಿಸಲು ಸಾಲಾಗಿ ನೆಟ್ಟಿದ್ದು. ಅದರ ನಡುವೆ ಒಂದಷ್ಟು ತೆಂಗು, ಮೂಲೆಯಲ್ಲಿ ಗಾಳಿ ಮರ, ನಾಲ್ಕೈದು ನೀಲಗಿರಿ.

ಇದರಲ್ಲಿ ಏನು ತಪ್ಪು ಅಂತ ಕೇಳಬಹುದು, ಸಿಲ್ವರ್ ಓಕ್ ಕೂಡ ಮರವೇ ಅಲ್ವಾ. ಮರವೇ. ಆದರೆ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976 ಅಂತ ಒಂದಿದೆ. ನಿಮ್ಮ ಸ್ವಂತ ಜಾಗದ ಮರವನ್ನೂ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಪರವಾನಗಿ ಇಲ್ಲದೆ ಕಡಿಯುವ ಹಾಗಿಲ್ಲ ಅಂತ ಹೇಳುವ ಕಾಯ್ದೆ ಅದೇ. ಅದರಲ್ಲಿ ಒಂದು ವಿನಾಯಿತಿ ಪಟ್ಟಿ ಉಂಟು. ಸಿಲ್ವರ್ ಓಕ್, ತೆಂಗು, ಗಾಳಿ, ನೀಲಗಿರಿ, ರಬ್ಬರ್, ಸುಬಾಬುಲ್, ಗೊಬ್ಬರದ ಗಿಡ ಅಂತ ನಾವು ಹೇಳುವ ಗ್ಲಿರಿಸಿಡಿಯಾ, ಇವೆಲ್ಲ ಆ ಪಟ್ಟಿಯಲ್ಲಿವೆ. ರೈತ ತಾನೇ ನೆಟ್ಟು ತಾನೇ ಕಡಿದು ಮಾರುವ ಮರಗಳು, ಅವಕ್ಕೆ ಈ ಪರವಾನಗಿ ಬೇಡ, ಅದು ಸರಿಯಾಗೇ ಇದೆ. ಪಟ್ಟಿಗೆ ಆಮೇಲೆ ತಿದ್ದುಪಡಿಯಲ್ಲಿ ಇನ್ನಷ್ಟು ಜಾತಿಗಳು ಸೇರಿವೆ, ನಿಮ್ಮ ಜಾಗದ ಮರ ಅದರಲ್ಲಿದೆಯಾ ಅಂತ ರೇಂಜ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನನ್ನ ತಕರಾರು ಇಷ್ಟೇ: ನಾಳೆ ಬೆಳಿಗ್ಗೆ ಯಾರನ್ನೂ ಕೇಳದೆ ಕಡಿಯಬಹುದಾದ ಮರಗಳನ್ನ ‘ಉಳಿಸಿದ್ದೇವೆ’ ಲೆಕ್ಕಕ್ಕೆ ಸೇರಿಸಿ ಅದಕ್ಕೆ ದುಡ್ಡು ಕೇಳಬೇಡಿ. ಕೊನೆಯ ಸೈಟ್ ಮಾರಾಟ ಆದ ಮೇಲೆ ಆ ಸಾಲು ಅಲ್ಲೇ ಇರುತ್ತೆ ಅನ್ನುವುದಕ್ಕೆ ಏನು ಗ್ಯಾರಂಟಿ?

ಪಟ್ಟಿ ಬಿಟ್ಟು ನಿಜವಾದ ಹಳೆ ಮರ ಹುಡುಕಿದರೆ ಮತ್ತಿ, ನಂದಿ, ಹೊನ್ನೆ, ನೇರಳೆ, ಒಂದೆರಡು ಹಲಸು, ಒಂದು ಬಸರಿ. ಇವು ಹಿಂದೆ ಗದ್ದೆ ಏರಿಯ ಮೇಲೆ, ತೋಟದ ಅಂಚಿನಲ್ಲಿ ಇದ್ದವು. ಕಡಿಯದೆ ಬಿಟ್ಟಿದ್ದಾರೆ, ಅದಕ್ಕೆ ಶಹಬ್ಬಾಸ್. ಈಗ ಬುಡಕ್ಕೆ ಬನ್ನಿ.

ಮೂರನೇ ಅಡ್ಡರಸ್ತೆಯ ತುದಿಯಲ್ಲಿ ಒಂದು ದೊಡ್ಡ ಮತ್ತಿ ಇದೆ. ಫೋಟೋದಲ್ಲಿ ಇದೇ ಹೀರೋ, ಬ್ರೋಷರ್ ಕವರ್ ಪೇಜಿನಲ್ಲಿ ಇರುವುದೂ ಇದೇ. ಹತ್ತಿರ ಹೋಗಿ ನೋಡಿದರೆ ಕಾಂಡ ಲೈಟ್ ಕಂಬ ನೆಟ್ಟ ಹಾಗೆ ನೆಟ್ಟಗೆ ಮಣ್ಣಿನೊಳಗೆ ಇಳಿದಿದೆ. ಹಳೆ ಮರ ಯಾವುದೂ ಹಾಗಿರುವುದಿಲ್ಲ. ಬುಡ ಅಗಲವಾಗಿ ಹರಡಿ, ಬೇರು ನಾಲ್ಕೂ ಕಡೆ ಎದ್ದು ಕಾಣಬೇಕು. ಇಲ್ಲಿ ಬೇರಿನ ಸುಳಿವೇ ಇಲ್ಲ. ಯಾಕೆ ಅಂತ ಸುತ್ತ ನೋಡಿದರೆ ಗೊತ್ತಾಗುತ್ತೆ. ಜಾಗ ಇಳಿಜಾರು, ಸೈಟ್ ಲೆವೆಲ್ ಮಾಡಲು ಮೇಲಿನಿಂದ ಕೆಂಪು ಮಣ್ಣು ತಂದು ಸುರಿದು ರೋಲರ್ ಓಡಿಸಿದ್ದಾರೆ, ಮರದ ಬುಡದಲ್ಲಿ ಕಡಿಮೆ ಅಂದರೂ ಎರಡು ಅಡಿ ಮಣ್ಣು ಕೂತಿದೆ. ಅದರ ಮೇಲೆ ಚೌಕದ ಕಟ್ಟೆ, ಕಟ್ಟೆಯ ಮೇಲೆ ಗ್ರಾನೈಟ್, ಕಾಂಡಕ್ಕೆ ತಾಗುವ ತನಕ ಇಂಟರ್‌ಲಾಕ್ ಇಟ್ಟಿಗೆ. ಕೂರಲು ಚೆನ್ನಾಗಿದೆ.

ಮರಕ್ಕೆ ಚೆನ್ನಾಗಿಲ್ಲ. ಮರದ ಬೇರು ಪಾತಾಳಕ್ಕೆ ಹೋಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನ ಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತೆ, ಮತ್ತೆ ಅದಕ್ಕೆ ಗಾಳಿ ಬೇಕು. ಮೇಲೆ ಮಣ್ಣು ಹೇರಿ ಗಟ್ಟಿ ಮಾಡಿದರೆ ಉಸಿರು ಕಟ್ಟುತ್ತೆ. ಕಾಂಡದ ತೊಗಟೆ ಇರುವುದು ಮಣ್ಣಿನೊಳಗೆ ಇರಲು ಅಲ್ಲ, ಹಸಿ ಮಣ್ಣು ಸದಾ ತಾಗಿಕೊಂಡಿದ್ದರೆ ಕೊಳೆಯುತ್ತೆ. ಮೋಸ ಏನು ಅಂದರೆ ಇದು ತಕ್ಷಣ ಕಾಣುವುದಿಲ್ಲ. ಮೊದಲ ವರ್ಷ ಮರ ಹಸಿರಾಗೇ ಇರುತ್ತೆ. ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ ವರ್ಷ ಕಳೆದ ಮೇಲೆ ತುದಿ ಒಣಗಲು ಶುರುವಾಗುತ್ತೆ, ಒಂದೊಂದೇ ಕೊಂಬೆ ಬೋಳಾಗುತ್ತಾ ಕೆಳಗೆ ಇಳಿಯುತ್ತೆ. ಅಷ್ಟು ಹೊತ್ತಿಗೆ ಲೇಔಟ್ ಮಾಡಿದವರು ಸೈಟ್ ಎಲ್ಲ ಮಾರಿ ಬೇರೆ ಊರಿನಲ್ಲಿ ಬೇರೆ ಬ್ರೋಷರ್ ಹೊಡೆಸಿರುತ್ತಾರೆ. ಒಣಮರ ಯಾರ ಸೈಟಿನಲ್ಲಿ ಇದೆಯೋ ಅವರದ್ದು.

ಅವರದ್ದು ಅಂದರೆ ನಿಜವಾಗಿಯೂ ಅವರದ್ದೇ. ಸೈಟ್ ನಿಮ್ಮ ಹೆಸರಿಗೆ ರಿಜಿಸ್ಟರ್ ಆದ ದಿನದಿಂದ ಅದರಲ್ಲಿರುವ ಮರದ ಜವಾಬ್ದಾರಿ ನಿಮಗೆ. ಮನೆ ಕಟ್ಟಲು ಅಡ್ಡ ಆಗುತ್ತೆ ಅಂತ ಕಡಿಯಬೇಕಾದರೆ ಅರ್ಜಿ ಹಾಕುವವರು ನೀವು. ಫಾರೆಸ್ಟ್ ಗಾರ್ಡ್ ಬಂದು ನೋಡುತ್ತಾರೆ, ಎದೆ ಎತ್ತರದಲ್ಲಿ ಸುತ್ತಳತೆ ತೆಗೆದುಕೊಳ್ಳುತ್ತಾರೆ, ಮಹಜರು ಆಗುತ್ತೆ. ಕಡಿದ ಮೇಲೆ ನಾಟಾ ಸಾಗಿಸಲು ಪಾಸ್ ಬೇರೆ. ಬಿದ್ದು ಪಕ್ಕದವರ ಶೀಟ್ ಒಡೆದರೆ ಜಗಳ ಕೂಡ ನಿಮಗೇ. ಬ್ರೋಷರ್ ಇದನ್ನೆಲ್ಲ ‘ಮರದ ನೆರಳಿನ ಸೈಟ್’ ಅಂತ ಮೂರು ಪದದಲ್ಲಿ ಮುಗಿಸಿದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಟೇಪ್ ಇದ್ದರೆ ನೀವೇ ಮಾಡಬಹುದು. ಮರದ ಕೆಲಸ ಗೊತ್ತಿರುವವರು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ: ಕಾಂಡದ ವ್ಯಾಸ ಎಷ್ಟು ಇಂಚೋ, ಸುತ್ತ ಅಷ್ಟು ಅಡಿ ಜಾಗ ಮುಟ್ಟಬಾರದು. ಆರು ಅಡಿ ಸುತ್ತಳತೆಯ ಮರ ಅಂದರೆ ವ್ಯಾಸ ಸುಮಾರು 23 ಇಂಚು. ಅಂದರೆ ಕಾಂಡದಿಂದ ಪ್ರತಿ ದಿಕ್ಕಿಗೂ 23 ಅಡಿ, ಒಟ್ಟು ಅಡ್ಡಳತೆ 46 ಅಡಿ. ಈಗ 30×40 ಸೈಟ್ ತಗೊಳ್ಳಿ. ಮರ ಸೈಟಿನ ಸರೀ ನಡುವೆ ಇದ್ದರೂ ಆ ಸುತ್ತು ಸೈಟ್ ದಾಟಿ ರಸ್ತೆಗೂ ಪಕ್ಕದ ಮನೆಗೂ ಹೋಗುತ್ತೆ! ನೀವು ಮರ ಉಳಿಸುವುದಾದರೆ ಮನೆ ಎಲ್ಲಿ ಕಟ್ಟುತ್ತೀರಿ? ಮನೆ ಕಟ್ಟುವುದಾದರೆ ಬೇರು ಎಲ್ಲಿ ಇರುತ್ತೆ? ದೊಡ್ಡ ಮರವನ್ನ 30×40 ಸೈಟಿನೊಳಗೆ ಹಾಕಿ ಮಾರುವುದು ಅಂದರೆ ಕಡಿಯುವ ಕೆಲಸವನ್ನ ತಗೊಂಡವನ ತಲೆಗೆ ಕಟ್ಟುವುದು, ಅಷ್ಟೇ. ಮಾಡಬೇಕಾಗಿದ್ದದ್ದು ಸುಲಭ ಇತ್ತು. ನಕ್ಷೆ ಎಳೆಯುವ ಮೊದಲು ಮರಗಳನ್ನ ಗುರುತು ಮಾಡಿ, ಹೇಗೂ ಪಾರ್ಕಿಗೆ ಅಂತ ಜಾಗ ಬಿಡಲೇಬೇಕು, ಆ ಪಾರ್ಕನ್ನ ಮರ ಇರುವ ಕಡೆ ಇಡುವುದು. ಇಲ್ಲಿ ಪಾರ್ಕ್ ಇಟ್ಟಿರುವುದು ಮೂಲೆಯ ಬೋಳು ತಗ್ಗಿನಲ್ಲಿ. ಸೈಟ್ ಆಗಿ ಮಾರಲು ಬಾರದ ಜಾಗ, ಮಳೆಗಾಲದಲ್ಲಿ ನೀರು ನಿಲ್ಲುತ್ತೆ ಅಂತ ನೋಡಿದರೇ ಗೊತ್ತಾಗುತ್ತೆ.

ಚರಂಡಿ ಚೆನ್ನಾಗಿದೆ ಅಂದೆನಲ್ಲ, ಅದನ್ನ ತೋಡಿದ್ದು ಜೆಸಿಬಿಯಲ್ಲಿ, ನಂದಿ ಮರದಿಂದ ಒಂದು ಗಜ ದೂರಕ್ಕೆ. ಸ್ಲ್ಯಾಬ್ ಸಂದಿಯಲ್ಲಿ ಇಣುಕಿದರೆ ಕೈ ದಪ್ಪದ ಬೇರು ಹರಿದು ಸಿಗುರು ಸಿಗುರಾಗಿ ನಿಂತಿರುವುದು ಕಾಣುತ್ತೆ. ಗರಗಸದಲ್ಲಿ ಕೊಯ್ದಿದ್ದರೂ ಒಂದು ಮಾತು, ಬಕೆಟ್ ಹಲ್ಲಿನಲ್ಲಿ ಎಳೆದದ್ದು. ಒಂದು ಕಡೆಯ ಬೇರು ಪೂರ್ತಿ ಹೋದ ಮರ ಆಷಾಢದ ಗಾಳಿಗೆ ಯಾವ ಕಡೆ ಬೀಳುತ್ತೆ ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಮರದ ನೇರಕ್ಕೆ ಮೆಸ್ಕಾಂ ಲೈನ್ ಹೋಗಿದೆ. ಬಿದ್ದ ದಿನ ಎಲ್ಲರೂ ಮರಕ್ಕೇ ಬೈಯುತ್ತಾರೆ.

ಇಡೀ ಲೇಔಟಿನಲ್ಲಿ ಸರಿಯಾಗಿ ಉಳಿದಿರುವುದು ಒಂದೇ ಮರ, ಆ ಬಸರಿ. ಅದರ ಬುಡದಲ್ಲಿ ಊರ ದೇವತೆ ಚೌಡಿಯ ಕಲ್ಲು ಇದೆ. ಕುಂಕುಮ, ಒಡೆದ ಬಳೆ, ಯಾರೋ ಹರಕೆಗೆ ಕಟ್ಟಿದ ಗಂಟೆ. ಜೆಸಿಬಿ ಓಡಿಸುವವನು ಅಲ್ಲಿ ಕೆಲಸ ಮಾಡಲ್ಲ ಅಂದನಂತೆ, ಊರಿನವರೂ ಬಂದು ನಿಂತರಂತೆ. ಕೊನೆಗೆ ರಸ್ತೆಯನ್ನೇ ತಿರುಗಿಸಿ ಸುತ್ತ ಅಗಲವಾಗಿ ಜಾಗ ಬಿಟ್ಟಿದ್ದಾರೆ. ಮಣ್ಣು ಹೇರಿಲ್ಲ, ಇಂಟರ್‌ಲಾಕ್ ಹಾಕಿಲ್ಲ, ಮೊಳೆ ಕೂಡ ಹೊಡೆದಿಲ್ಲ. ದರಗು, ಅಂದರೆ ಒಣ ಎಲೆ, ಬಿದ್ದು ಕಾಲಿಟ್ಟರೆ ಮೆತ್ತಗೆ, ಸ್ವಲ್ಪ ಕೆದಕಿದರೆ ಕೆಳಗೆ ಕಪ್ಪು ಮಣ್ಣು, ಎರೆಹುಳ. ಬೇರು ಹೊರಗೆ ಎದ್ದು ಹೇಗೆ ಬೇಕೋ ಹಾಗೆ ಹರಡಿದೆ. ಮರ ಹೇಗೆ ಉಳಿಸಬೇಕು ಅಂತ ಯಾರಾದರೂ ಕೇಳಿದರೆ ಇದನ್ನೇ ತೋರಿಸಬಹುದು. ಹತ್ತಿರ ಹತ್ತಿರ ಐವತ್ತು ವರ್ಷದ ಕಾಯ್ದೆಗಿಂತ ಚೌಡಿ ಸ್ಟ್ರಿಕ್ಟು, ಮಾರಾಯ್ರೇ.

ಕಾಗದದ ವಿಷಯಕ್ಕೆ ಬರುತ್ತೇನೆ. ಇದು ಸ್ವಲ್ಪ ಉದ್ದ ಆಗುತ್ತೆ, ಆದರೆ ಸೈಟ್ ತಗೊಳ್ಳುವವರಿಗೆ ಇದೇ ಮುಖ್ಯ.

ಕಡಿದ ಮರಗಳ ಪರವಾನಗಿ ತೋರಿಸಿ ಅಂದೆ. ಕಡಿದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ, ಪಾರ್ಕಿನ ಹಿಂದೆ ಬುಡದ ದಿಮ್ಮಿ ಇನ್ನೂ ಬಿದ್ದಿವೆ, ಒಂದು ಹೊನ್ನೆಯದು, ಕಡಿದಲ್ಲಿ ಕೆಂಪು ಅಂಟು ಒಣಗಿ ನಿಂತಿದೆ. ಹುಡುಗ ಹೇಳಿದ, ‘ಕನ್ವರ್ಷನ್ ಆಗಿದೆ ಸಾರ್, ಮರದ್ದೂ ಅದರಲ್ಲೇ ಬರುತ್ತೆ.’ ಇಲ್ಲ. ಅದರಲ್ಲಿ ಬರುವುದಿಲ್ಲ. ಭೂ ಪರಿವರ್ತನೆ ಆಗುವುದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ, ಅದು ಡಿಸಿ ಆಫೀಸಿನ ವ್ಯವಹಾರ. ಕೃಷಿ ಜಾಗವನ್ನ ಬೇರೆ ಕೆಲಸಕ್ಕೆ ಬಳಸಬಹುದು ಅಂತ ಅಷ್ಟೇ ಅದು ಹೇಳುತ್ತೆ. ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವವರು ಯೋಜನಾ ಪ್ರಾಧಿಕಾರದವರು, ನಮ್ಮಲ್ಲಿ ಸೂಡಾ. ಮರ ಕಡಿಯಲು ಒಪ್ಪಿಗೆ ಕೊಡುವವರು ಈ ಇಬ್ಬರೂ ಅಲ್ಲ, 1976ರ ಕಾಯ್ದೆಯ 8ನೇ ಕಲಂ ಕೆಳಗೆ ವೃಕ್ಷ ಅಧಿಕಾರಿ. ಮೂರು ಕಡೆ ಮೂರು ಕಾಗದ. ಇದು ಗೊತ್ತಿಲ್ಲದೆ ಹೇಳುವವರೂ ಇದ್ದಾರೆ, ಗೊತ್ತಿದ್ದೂ ಹೇಳುವವರೂ ಇದ್ದಾರೆ.

ಕಾಯ್ದೆ ಓದಿದರೆ ಕೆಟ್ಟದೇನಲ್ಲ. ಕಡಿತಲೆ ಅಂದರೆ ಕೊಡಲಿ ಹಾಕುವುದು ಮಾತ್ರ ಅಂತ ಅದು ಹೇಳಿಲ್ಲ, ಬೆಂಕಿ ಹಾಕುವುದು, ಯಾವುದೇ ರೀತಿ ಮರಕ್ಕೆ ಹಾನಿ ಮಾಡುವುದೂ ಅದರಲ್ಲೇ ಬರುತ್ತೆ. ಆ ಪ್ರಕಾರ ನೋಡಿದರೆ ಮತ್ತಿಯ ಬುಡಕ್ಕೆ ಮಣ್ಣು ಹೇರಿದ್ದು, ನಂದಿಯ ಬೇರು ಹರಿದದ್ದು ಎರಡೂ ಹಾನಿಯೇ. ಆದರೆ ಮರ ನಿಂತಿರುವಾಗ ಯಾರು ಬಂದು ನೋಡುತ್ತಾರೆ? ಗಾರ್ಡ್ ಬರುವುದು ಅರ್ಜಿ ಬಂದಾಗ, ಇಲ್ಲ ಕಡಿದ ಸುದ್ದಿ ಬಂದಾಗ.

ಇನ್ನೊಂದು ಕಡೆ ಅದೇ ಕಾಯ್ದೆ ಕೆಲವು ಮರಗಳಿಗೆ ಪರವಾನಗಿ ಇಲ್ಲ ಅನ್ನಬಾರದು ಅಂತ ಹೇಳುತ್ತೆ. ಒಣಗಿದ ಮರ, ರೋಗ ಬಂದ ಮರ, ಗಾಳಿಗೆ ಬಿದ್ದ ಮರ, ಜನರ ಜೀವಕ್ಕೋ ಮನೆಗೋ ಅಪಾಯ ಆಗುವ ಮರ. ನ್ಯಾಯವಾಗಿಯೇ ಇದೆ, ಮನೆ ಮೇಲೆ ವಾಲಿದ ಮರಕ್ಕೆ ಮಳೆಗಾಲದಲ್ಲಿ ಆಫೀಸು ಸುತ್ತಿಸಿದರೆ ಆಗುತ್ತದಾ? ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಸಿ ಮರ ಕಡಿಯಲು ಅರ್ಜಿ ಹಾಕಿದರೆ ಅಧಿಕಾರಿ ಇಲ್ಲ ಅನ್ನಬಹುದು. ಅದೇ ಮರದ ಬುಡಕ್ಕೆ ಎರಡು ಅಡಿ ಮಣ್ಣು ಹೇರಿ ನಾಲ್ಕು ಮಳೆಗಾಲ ಕಾದರೆ ಇಲ್ಲ ಅನ್ನುವ ಹಾಗೇ ಇಲ್ಲ. ನಡುವೆ ಆ ನಾಲ್ಕು ವರ್ಷ ಬ್ರೋಷರ್ ಫೋಟೋಕ್ಕೂ ಆಯಿತು. ಎಲ್ಲರೂ ಬೇಕು ಅಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ಈ ಲೇಔಟಿನವರಿಗೂ ಬಹುಶಃ ಬೇರಿನ ವಿಷಯ ಗೊತ್ತೇ ಇಲ್ಲ. ಮತ್ತಿ ಮರಕ್ಕೆ ಎರಡೂ ಒಂದೇ.

ದಂಡ ಎಷ್ಟು ಅಂತ ಕೇಳಿದರೆ ನಗು ಬರುತ್ತೆ. 1976ರಲ್ಲಿ ಬರೆದದ್ದು ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಮೂರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಆ ಕಾಲಕ್ಕೆ ಸಾವಿರ ದೊಡ್ಡದೇ ಇರಬಹುದು. ಈಗ ಜೆಸಿಬಿಯ ಒಂದು ಗಂಟೆ ಬಾಡಿಗೆಯೂ ಹತ್ತಿರ ಹತ್ತಿರ ಅಷ್ಟೇ. ರಸ್ತೆಯಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಜನರ ಆಕ್ಷೇಪ ಕೇಳಬೇಕು ಅಂತ ಆಮೇಲೆ ನಿಯಮ ತಂದರು, ಅದು ಒಳ್ಳೆಯದಾಯಿತು. ಖಾಸಗಿ ಲೇಔಟಿಗೆ ಆ ಥರ ಊರವರನ್ನ ಕೇಳುವ ಪದ್ಧತಿ ಇಲ್ಲ.

ಕಡಿದದ್ದಕ್ಕೆ ಬದಲಿ ಗಿಡ ನೆಡಬೇಕು, ಎಷ್ಟು ಮತ್ತು ಯಾವ ಜಾತಿ ಅಂತ ವೃಕ್ಷ ಅಧಿಕಾರಿ ಹೇಳಬಹುದು. ಇಲ್ಲಿ ನೆಟ್ಟಿದ್ದಾರೆ. ಮುಖ್ಯ ರಸ್ತೆಗುಂಟ ಪಾಮ್, ಕಾಂಪೌಂಡಿನ ಒಳಗೆ ಒತ್ತೊತ್ತಾಗಿ ಕೋನೋಕಾರ್ಪಸ್. ಕೋನೋಕಾರ್ಪಸ್ ಬೇಗ ಬೆಳೆಯುತ್ತೆ, ಗೋಡೆ ಥರ ಹಸಿರು ಕೊಡುತ್ತೆ, ಅದಕ್ಕೇ ಎಲ್ಲರಿಗೂ ಇಷ್ಟ. ಪರಾಗ, ಅಲರ್ಜಿ, ಬೇರು ಪೈಪಿಗೆ ನುಗ್ಗುವುದು ಅಂತ ಗುಜರಾತ್ ಸರ್ಕಾರ 2023ರಲ್ಲಿ ಅದನ್ನ ನೆಡುವುದನ್ನೇ ನಿಲ್ಲಿಸಿತು. ಹೊನ್ನೆ ಕಡಿದು ಕೋನೋಕಾರ್ಪಸ್ ನೆಟ್ಟರೆ ಲೆಕ್ಕದ ಪುಸ್ತಕದಲ್ಲಿ ಮರಕ್ಕೆ ಮರ ಸರಿಹೋಗುತ್ತೆ. ನಮ್ಮ ಮಣ್ಣಿನಲ್ಲಿ ನೇರಳೆ, ಹೊಳೆ ಮತ್ತಿ, ರಂಜಲು, ಸಂಪಿಗೆ, ಮುರುಗಲು ಎಷ್ಟು ಚೆನ್ನಾಗಿ ಬರುತ್ತವೆ! ಅಪ್ಪೆಮಿಡಿಯ ಊರಿನಲ್ಲಿ ಒಂದು ಮಿಡಿ ಮಾವಿನ ಗಿಡ ನೆಡಲು ಯಾರಿಗೂ ಹೊಳೆಯಲಿಲ್ಲ.

ಹಾಂ, ಸೈಟಿಗೊಂದು ಶ್ರೀಗಂಧದ ಗಿಡ ಫ್ರೀ. ಇದಕ್ಕೆ ಮನೆಯವರು ಬಹಳ ಖುಷಿಪಟ್ಟರು. ನಿಮ್ಮ ಜಾಗದ ಗಂಧದ ಮರ ನಿಮ್ಮದೇ ಅಂತ 2001ರ ತಿದ್ದುಪಡಿಯಿಂದ ಆಗಿದೆ, ಅಲ್ಲಿಯ ತನಕ ಅದು ಸರ್ಕಾರದ ಸೊತ್ತು. ಆದರೆ ನಿಮ್ಮದು ಅಂತ ಮನಸ್ಸಿಗೆ ಬಂದ ಹಾಗೆ ಕಡಿಯಲು, ಸಿಕ್ಕವರಿಗೆ ಮಾರಲು ಬರುವುದಿಲ್ಲ, ಅದಕ್ಕೆ ಇಲಾಖೆಯ ದಾರಿಯಲ್ಲೇ ಹೋಗಬೇಕು. ಗಂಧ ಒಂಟಿಯಾಗಿ ಬರುವ ಗಿಡವೂ ಅಲ್ಲ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಚುಚ್ಚಿ ಆಹಾರ ಎಳೆಯುತ್ತೆ. ಕಾಂಪೌಂಡ್ ಮೂಲೆಯಲ್ಲಿ ಸಿಮೆಂಟ್ ರಿಂಗ್ ಕಟ್ಟಿ ಒಂದನ್ನೇ ನೆಟ್ಟರೆ ಸೊರಗುತ್ತೆ. ಅದೃಷ್ಟಕ್ಕೆ ಬೆಳೆದು ಚೇಗು, ಅಂದರೆ ಪರಿಮಳದ ಗಟ್ಟಿ ತಿರುಳು, ಕೂಡಿದರೆ ರಾತ್ರಿ ಗರಗಸ ಹಿಡಿದು ಬರುವವರು ಇದ್ದೇ ಇದ್ದಾರೆ. ಫ್ರೀ ಅಂತ ಬೇಡ ಅನ್ನಬೇಡಿ, ಅದಕ್ಕೆ ಅಂತ ರೇಟ್ ಜಾಸ್ತಿ ಕೊಡಲೂ ಬೇಡಿ.

ಪಾರ್ಕಿಗೆ ‘ಅಪ್ಪಿಕೋ’ ಅಂತ ಹೆಸರು ಇಟ್ಟಿದ್ದಾರೆ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯವರು ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡು ನಿಂತರು, ಅವತ್ತು ಕಡಿಸುತ್ತಿದ್ದದ್ದು ಅರಣ್ಯ ಇಲಾಖೆ. ಈ ಪಾರ್ಕಿನಲ್ಲಿ ಅಪ್ಪಿಕೊಳ್ಳಲು ಸದ್ಯಕ್ಕೆ ಇರುವುದು ಫೈಬರ್ ಜಿಂಕೆ.

ಇನ್ನು ತಗೊಳ್ಳುವವರ ಕೈಯಲ್ಲಿ ಏನಿದೆ ಅನ್ನುವುದು. ಬಹಳ ಜನ ಪಹಣಿ ತರಿಸಿದರೆ 9ನೇ ಕಾಲಂ, 11ನೇ ಕಾಲಂ ಮಾತ್ರ ನೋಡುತ್ತಾರೆ. ಮಾಲೀಕ ಯಾರು, ಸಾಲ ಇದೆಯಾ, ಮುಗಿಯಿತು. ಅದೇ ಪಹಣಿಯಲ್ಲಿ ಮರಗಳಿಗೂ ಒಂದು ಕಾಲಂ ಇದೆ. ಹೆಚ್ಚಿನ ಕಡೆ ಖಾಲಿ ಇರುತ್ತೆ, ಆದರೂ ಹಳೆ ಪಹಣಿ ತೆಗೆಸಿ ನೋಡಿ, ಅಪರೂಪಕ್ಕೆ ಬೀಟೆ, ತೇಗ ಅಂತ ಬರೆದಿರುತ್ತಾರೆ. ಜಾಗ ಮಂಜೂರಾತಿಯಿಂದ ಬಂದದ್ದಾದರೆ ಹಕ್ಕುಪತ್ರದ ಷರತ್ತು ಓದಲೇಬೇಕು. ಬೀಟೆ, ತೇಗದಂಥ ಮರಗಳ ಮೇಲೆ ಸರ್ಕಾರ ಹಕ್ಕು ಇಟ್ಟುಕೊಂಡೇ ಜಾಗ ಕೊಟ್ಟಿರುವುದು ಉಂಟು. ಅಂಥ ಮರ ಕಾಣೆಯಾಗಿದ್ದರೆ ಪ್ರಶ್ನೆ ಯಾವತ್ತಾದರೂ ಬಾಗಿಲಿಗೆ ಬರಬಹುದು. ಸೊಪ್ಪಿನ ಬೆಟ್ಟ ತಾಗಿರುವ ಜಾಗವಾದರೆ ಇನ್ನೂ ಹುಷಾರು. ಅದು ಸರ್ಕಾರದ ಜಾಗ, ಅಡಿಕೆ ತೋಟದವರಿಗೆ ಸೊಪ್ಪು ದರಗು ತರುವ ಸವಲತ್ತು ಮಾತ್ರ. ತೋಟದ ಜೊತೆ ಬೆಟ್ಟವೂ ಬರುತ್ತೆ ಅಂತ ಯಾರಾದರೂ ಮಾರಿದರೆ ಅಲ್ಲೇ ಎದ್ದು ಬನ್ನಿ.

ಕಡಿತಲೆ ಪರವಾನಗಿಯ ಪ್ರತಿ ಕೇಳಿ. ಅದರಲ್ಲಿ ಸರ್ವೆ ನಂಬರ್, ಮರದ ಜಾತಿ, ಎಷ್ಟು ಮರ, ಯಾವ ಷರತ್ತು ಅಂತ ಇರುತ್ತೆ. ನೀವು ಕಂಡ ಬುಡಗಳಿಗೂ ಕಾಗದಕ್ಕೂ ತಾಳೆ ಹಾಕಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಇದಕ್ಕಿಂತ ದೊಡ್ಡ ಹಿಡಿತ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಯಾಕೋ ಇದನ್ನ ಜನ ಫ್ಲ್ಯಾಟಿಗೆ ಮಾತ್ರ ಅಂದುಕೊಂಡಿದ್ದಾರೆ. 500 ಚದರ ಮೀಟರಿಗಿಂತ ಜಾಸ್ತಿ ಜಾಗದಲ್ಲಿ ಸೈಟ್ ಮಾಡಿ ಮಾರುವವರೂ 2016ರ ಆ ಕಾಯ್ದೆಯಲ್ಲಿ ನೋಂದಣಿ ಮಾಡಿಸಲೇಬೇಕು. ಅದರ 12ನೇ ಕಲಂ ಜಾಹೀರಾತಿನ ಬಗ್ಗೆ. ಬ್ರೋಷರ್‌ನಲ್ಲಿ ಸುಳ್ಳು ಹೇಳಿ, ಅದನ್ನ ನಂಬಿ ನೀವು ದುಡ್ಡು ಕೊಟ್ಟು ನಷ್ಟ ಆದರೆ ಪರಿಹಾರ ಕೇಳಬಹುದು, ಸೈಟೇ ಬೇಡ ಅಂತ ದುಡ್ಡು ಬಡ್ಡಿ ಸಮೇತ ವಾಪಸ್ ಕೇಳಬಹುದು. ಗೇಟಿನ ಬೋರ್ಡಿನ ಆ ಮೂರಂಕಿ ಸಂಖ್ಯೆ ಇದೆಯಲ್ಲ, ಅದು ಜಾಹೀರಾತೇ. ಹಾಗಾಗಿ ಬೋರ್ಡಿನ ಫೋಟೋ ತೆಗೆದಿಡಿ, ಬ್ರೋಷರ್ ಬಿಸಾಡಬೇಡಿ, ನಂಬರ್ ಪ್ಲೇಟ್ ಸಮೇತ ಮರಗಳ ಫೋಟೋ ತಾರೀಖು ಬರುವ ಹಾಗೆ ತೆಗೆಯಿರಿ. ಮಾರಾಟದ ಕರಾರು ರಿಜಿಸ್ಟರ್ ಆಗುವ ಮೊದಲು ಶೇಕಡಾ 10ಕ್ಕಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತೆ, ಅಷ್ಟು ದುಡ್ಡಿಗಿಂತ ಮುಂದೆ ಹೋಗಬೇಡಿ. ಇವೆಲ್ಲ ಬಿಲ್ಡರ್ ಮೇಲೆ ಯುದ್ಧ ಮಾಡಲು ಅಲ್ಲ, ಮಾತಿಗೆ ಕೂತಾಗ ಕೈಯಲ್ಲಿ ಏನಾದರೂ ಇರಲಿ ಅಂತ.

ನಾನು ಮಾತಿಗೆ ಕೂತೆ. ಮತ್ತಿಯ ಬುಡದ ಕಟ್ಟೆ ಒಡೆದು ಮಣ್ಣನ್ನ ಹಳೆ ಮಟ್ಟಕ್ಕೆ ಇಳಿಸಿ, ಸುತ್ತ ಸಡಿಲ ಕಲ್ಲಿನ ಬಾವಿ ಥರ ಕಟ್ಟಿದರೆ ಇನ್ನೂ ಉಳಿಸಬಹುದು, ಹೇರಿದ್ದು ತೀರಾ ಹಳೆಯದಲ್ಲ, ಆದರೆ ಕೈಯಲ್ಲಿ ಅಗೆಯಬೇಕು, ಜೆಸಿಬಿ ಬೇಡ, ಅಂತ ಹೇಳಿದೆ. ಆಫೀಸಿನಲ್ಲಿದ್ದ ಹಿರಿಯರು ಕೇಳಿಸಿಕೊಂಡರು. ಗ್ರಾನೈಟ್ ಖರ್ಚಾಗಿದೆ ಅಂತ ಒಂದು ಮಾತು ಹೇಳಿದರು, ಆದರೂ ನೋಡೋಣ ಅಂದರು. ಮರ ಇರುವ ಆ ಎರಡು ಸೈಟ್ ಮಾರದೆ ಪಾರ್ಕಿಗೆ ಸೇರಿಸಿ ಅಂದದ್ದಕ್ಕೆ ಮಾತ್ರ ಟೀ ತರಿಸಿದರು, ಉತ್ತರ ಕೊಡಲಿಲ್ಲ.

ಯಾರಿಗೆ ಸರಿಹೋಗುತ್ತೆ ಅಂದರೆ, ಬೇಗ ಮನೆ ಕಟ್ಟಬೇಕು, ರಸ್ತೆ ಚರಂಡಿ ಕರೆಂಟ್ ಸರಿ ಇರಲಿ ಅನ್ನುವವರಿಗೆ ತೊಂದರೆ ಇಲ್ಲ, ಆದರೆ ಮರ ಇಲ್ಲದ ಸೈಟ್ ತಗೊಳ್ಳಿ ಮತ್ತು ಮರ ಇಲ್ಲದ ರೇಟೇ ಕೊಡಿ. ಚೌಡಿ ಬಸರಿಯ ಎದುರಿನ ಸಾಲಿನಲ್ಲಿ ಮೂರು ನಾಲ್ಕು ಸೈಟ್ ಖಾಲಿ ಇವೆ. ಅವುಗಳ ಗಡಿ ಬೇರಿನಿಂದ ಬಹಳ ದೂರ, ಮಧ್ಯಾಹ್ನದ ನೆರಳು ರಸ್ತೆ ದಾಟಿ ಅಂಗಳಕ್ಕೆ ಬರುತ್ತೆ, ನನ್ನ ಕಣ್ಣಿಗೆ ಇಡೀ ಲೇಔಟಿನಲ್ಲಿ ದುಡ್ಡಿಗೆ ಬೆಲೆ ಇರುವುದು ಅವೇ. ಅವಕ್ಕೆ ಮಾತ್ರ ಯಾವ ಎಕ್ಸ್‌ಟ್ರಾ ರೇಟೂ ಹಾಕಿಲ್ಲ, ದೇವರ ಕಲ್ಲಿನ ಎದುರು ಅಂತ ಜನ ಹಿಂದೆ ಮುಂದೆ ನೋಡುತ್ತಾರಂತೆ. ಮತ್ತಿ, ನಂದಿ ಇರುವ ಸೈಟ್‌ಗಳನ್ನ ಈಗಿನ ಸ್ಥಿತಿಯಲ್ಲಿ ಕಮ್ಮಿ ರೇಟಿಗೆ ಕೊಟ್ಟರೂ ತಗೊಳ್ಳಬೇಡಿ.

ರಸ್ತೆ, ಚರಂಡಿ, ಅಳತೆಗೆ ಐದಕ್ಕೆ ನಾಲ್ಕು. ಮರಕ್ಕೆ ಒಂದೂವರೆ, ಅದರಲ್ಲಿ ಒಂದು ಚೌಡಿಯದು. ಕಡಿತಲೆ ಪರವಾನಗಿಯ ಪ್ರತಿಯನ್ನ ವಾಟ್ಸ್ಆ್ಯಪ್ ಮಾಡುತ್ತೇವೆ ಅಂದಿದ್ದಾರೆ. ಇಲ್ಲಿಯ ತನಕ ಬಂದಿರುವುದು ದೀಪಾವಳಿ ಆಫರ್.